ಏಳನೇ ಚೀಟಿ

ಬೊಮ್ಮಲಿಂಗಪ್ಪ ಮೇಷ್ಟ್ರು ಒಂದೇ ಒಂದು ಸಲ ತಪ್ಪು ಮಾಡುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ನನಗೆ ಎರಡು ವರ್ಷದಿಂದ ಇತ್ತು. ದ್ವೇಷವೇನಲ್ಲ. ಮೂರು ಗಂಟೆಯ ಸಿನಿಮಾದಲ್ಲಿ ಹೀರೋ ಒಂದು ಏಟೂ ತಿನ್ನದಿದ್ದರೆ ನೋಡಿದವನಿಗೆ ಟಿಕೆಟ್ಟು ದಂಡ ಅನ್ನಿಸುತ್ತದಲ್ಲ, ಹಾಗೆ.

ಚಳ್ಳಕೆರೆಯಲ್ಲಿ ಒಂದು ಶೇಂಗಾ ಗೋಡೌನಿನ ಮಹಡಿಯ ಮೇಲೆ ನಾಗೇಂದ್ರಪ್ಪನವರ ಕಂಪ್ಯೂಟರ್ ಸೆಂಟರ್ ಇತ್ತು. ವಾರವೆಲ್ಲ ಅಲ್ಲಿ ಟ್ಯಾಲಿ, ಟೈಪಿಂಗು, ಸಿ ಭಾಷೆಯ ಪಾಠ. ನಾನು ಅಲ್ಲಿನ ಯುಪಿಎಸ್ಸು, ವೈರು, ಮೌಸು ರಿಪೇರಿ ಮಾಡುವವನು. ನನ್ನ ಅಬ್ಬ ಶರೀಫ್ ಸಾಬ್ ಬಸ್ ಸ್ಟ್ಯಾಂಡಿನ ಹಿಂದೆ ಡೈನಮೋ ಕಟ್ಟುತ್ತಾರೆ, ನನ್ನ ಕೈ ಪಳಗಿದ್ದು ಅಲ್ಲಿ. ಭಾನುವಾರ ಮಾತ್ರ ಸೆಂಟರಿನಲ್ಲಿ ಬೇರೆ ವಿದ್ಯೆ. ಮೇಷ್ಟ್ರು ಎಲ್ಲಿಂದಲೋ ಜೆರಾಕ್ಸ್ ಮಾಡಿಸಿ ತಂದ ಪುಸ್ತಕ ಇಟ್ಟುಕೊಂಡು ಫಂಕ್ಷನಲ್ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದರು, ಪುಕ್ಕಟೆಯಾಗಿ. ಕೆಲಸ ಕೊಡಿಸುವ ವಿದ್ಯೆಯಲ್ಲ. ಆ ಭಾಷೆಯ ಹೆಸರು ಚಿತ್ರದುರ್ಗದಲ್ಲೂ ಯಾರಿಗೂ ಗೊತ್ತಿರಲಿಲ್ಲ. ಆದರೂ ನಾವು ಏಳೆಂಟು ಜನ ಹುಚ್ಚು ಹಿಡಿಸಿಕೊಂಡು ಹೋಗುತ್ತಿದ್ದೆವು.

ಅದರಲ್ಲಿ ಎರಡು ನೇಮ. ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು, ಆಮೇಲೆ ಬದಲಾಯಿಸುವಂತಿಲ್ಲ. ಮತ್ತೆ, ಯಾವ ಲೆಕ್ಕವನ್ನೂ ಅದರ ಉತ್ತರ ಬೇಕಾಗುವ ತನಕ ಮಾಡುವಂತಿಲ್ಲ. ಮೇಷ್ಟ್ರು ಇವನ್ನು ಕಂಪ್ಯೂಟರಿಗಷ್ಟೇ ಬಿಟ್ಟಿರಲಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಅಳಿಸುತ್ತಿರಲಿಲ್ಲ, ಪಕ್ಕದಲ್ಲಿ ಹೊಸದಾಗಿ ಬರೆಯುತ್ತಿದ್ದರು. ಬೋರ್ಡು ತುಂಬಿದರೆ ಗೋಡೆಗೆ ಹೋಗುತ್ತಿದ್ದರು.

ಅವರ ಮೆಚ್ಚಿನ ಉದಾಹರಣೆ ಒಂದಿತ್ತು. ಒಂದು, ಎರಡು, ಮೂರು ಎಂದು ಕೊನೆಯೇ ಇಲ್ಲದೆ ಹೋಗುವ ಪಟ್ಟಿ. ಅದರಲ್ಲಿ ಮೊದಲ ಮೂರನ್ನು ತೆಗೆದು ಕೂಡು ಎಂದರೆ ಬೇರೆ ಭಾಷೆಯ ಪ್ರೋಗ್ರಾಮು ಮೊದಲು ಇಡೀ ಪಟ್ಟಿ ಮಾಡಲು ಹೋಗಿ ಅಲ್ಲೇ ಸಾಯುತ್ತದೆ. ನಮ್ಮದು ಬೇಕಾದ ಮೂರನ್ನಷ್ಟೇ ಎಣಿಸಿ, ಆರು ಎಂದು ಹೇಳಿ ಸುಮ್ಮನಾಗುತ್ತದೆ.

"ಕೊನೆ ಇಲ್ದೇ ಇರೋದನ್ನೂ ಕೈಯಾಗೆ ಹಿಡೀಬೋದು ಕಣ್ರೋ, ಬೇಕಾದಷ್ಟೇ ಕೇಳಿದ್ರೆ" ಎನ್ನುತ್ತಿದ್ದರು. ಹೇಳುವಾಗ ಮುಖ ಮೊದಲ ಸಲ ಬಣ್ಣದ ಟಿವಿ ಕಂಡವರ ಹಾಗೆ ಆಗುತ್ತಿತ್ತು. ಎರಡು ವರ್ಷದಲ್ಲಿ ಅದನ್ನು ಐವತ್ತು ಸಲವಾದರೂ ಕೇಳಿದ್ದೇನೆ.

ಒಂದು ಭಾನುವಾರ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಅನ್ವರ್, ನಿನ್ನ ತಲೆಯಾಗಿರೋ ಸಿನಿಮಾ ಡೈಲಾಗೆಲ್ಲ ತೆಗೆದ್ರೆ ಏನ್ ಉಳೀತೈತಪ್ಪ ಅಲ್ಲಿ?" ಎಂದರು.

"ಇಂಟರ್ವಲ್ಲು ಸಾರ್" ಎಂದೆ.

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಉತ್ತರ ತಪ್ಪು ಎಂಬಂತೆ ತಲೆಯಾಡಿಸಿ ಮುಂದಿನವನ ಕಡೆ ತಿರುಗಿದರು. ನನಗೆ ಆಸೆ ಹುಟ್ಟಿದ್ದು ಆವತ್ತೇ ಇರಬೇಕು.

೨೦೦೫ರ ಯುಗಾದಿಯ ಹೊತ್ತಿಗೆ ನಾಗೇಂದ್ರಪ್ಪನವರು ಮೊಳಕಾಲ್ಮುರಿನಲ್ಲಿ ಬ್ರಾಂಚು ತೆಗೆಯಲು ಒಂದು ರೂಮು ಹಿಡಿದು, ಆರು ಕಂಪ್ಯೂಟರ್ ಇಳಿಸಿದ್ದರು. ನಡೆಸುವವರು ಒಬ್ಬರು ಬೇಕಿತ್ತು. ತಿಂಗಳ ಸಂಬಳ, ಹಿಂದುಗಡೆ ವಾಸಕ್ಕೆ ಎರಡು ಕೋಣೆ. ಕೇಳಿದವರು ಇಬ್ಬರು. ಒಬ್ಬ ಇಫ್ತಿಕಾರ್, ನನ್ನ ಗೆಳೆಯ, ಸೆಂಟರಿನಲ್ಲೇ ಟ್ಯಾಲಿ ಹೇಳಿಕೊಡುವ ಇಪ್ಪತ್ತಮೂರರ ಹುಡುಗ. ಸಿಗದಿದ್ದರೆ ಅವನಿಗೆ ಚಳ್ಳಕೆರೆಯ ಕುರ್ಚಿ ಇದ್ದೇ ಇತ್ತು. ಇನ್ನೊಬ್ಬರು ಮೇಷ್ಟ್ರು. ನಾಯಕನಹಟ್ಟಿಯ ಒಂದು ಕಾಲೇಜಿನಲ್ಲಿ ಗಂಟೆ ಲೆಕ್ಕದಲ್ಲಿ ಗಣಿತ ಹೇಳುತ್ತಿದ್ದರು. ಮಾರ್ಚ್ ಕೊನೆಗೆ, ಇನ್ನು ಬರುವುದು ಬೇಡ ಎಂದು ಕಾಗದ ಕೊಟ್ಟಿದ್ದರು. ವಯಸ್ಸು ನಲವತ್ತಾರು, ಬೇರೆ ಯಾರೂ ಕರೆಯುವವರಿಲ್ಲ. ಮೊಳಕಾಲ್ಮುರು ಸಿಗದಿದ್ದರೆ ಅವರಿಗೆ ಏನೂ ಇರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ನನಗೂ.

ನಾಗೇಂದ್ರಪ್ಪನವರು ಯಾರ ಮುಖಕ್ಕೂ ಇಲ್ಲ ಎನ್ನಲಾರದ ಮನುಷ್ಯ. ಒದ್ದಾಡುತ್ತಿದ್ದಾಗ ಇಫ್ತಿಕಾರನೇ ದಾರಿ ತೋರಿಸಿದ. ಇಂಟರ್ನೆಟ್ಟಿನಲ್ಲಿ ಓದಿದ್ದನಂತೆ: ಇಂಗ್ಲೆಂಡಿನಲ್ಲಿ ನಮ್ಮಂಥವರು ಹಬ್ಬ ಬಂದರೆ ಬಾರಿನಲ್ಲಿ ಸೇರಿ ಕ್ವಿಜ್ ಮಾಡುತ್ತಾರೆ.

"ಬಾರಿನಾಗಾ?" ಎಂದು ಮೇಷ್ಟ್ರು ಹುಬ್ಬೇರಿಸಿದರು.

"ವರ್ಷದ ತೊಡಕಿನ ದಿನ ಇಟ್ಕಂಡ್ರಾತು ಬಿಡ್ರಿ ಮೇಷ್ಟ್ರೆ" ಎಂದರು ನಾಗೇಂದ್ರಪ್ಪ. "ಹೆಂಗೂ ಅವತ್ತು ನಾನು, ಮಲ್ಲಿಕಾರ್ಜುನಪ್ಪ ಅಲ್ಲೇ ಇಸ್ಪೀಟಿಗೆ ಕೂರ್ತೀವಿ. ನೀವಿಬ್ರೂ ಆಡ್ರಿ. ಗೆದ್ದೋರಿಗೆ ಮೊಳಕಾಲ್ಮುರು ಬೀಗದ ಕೈ. ಯಾರ್ ಮ್ಯಾಲೂ ಯಾರಿಗೂ ಬೇಜಾರಿಲ್ಲ."

ಯುಗಾದಿಯ ಮರುದಿನ ನಮ್ಮ ಕಡೆ ಮನೆಮನೆಯಲ್ಲೂ ಬಾಡು ಬೇಯುತ್ತದೆ, ಇಸ್ಪೀಟೆಲೆ ಹಾಕಿ ಜೂಜಾಡುತ್ತಾರೆ. ಆವತ್ತು ಏನಾಯಿತೋ ವರ್ಷವೆಲ್ಲ ಅದೇ ಆಗುತ್ತದೆ ಎಂದು ನಂಬುತ್ತಾರೆ. ಅದಕ್ಕೇ ಯಾರೂ ಸೋಲಲು ಒಪ್ಪುವುದಿಲ್ಲ, ಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ.

ಮೇಷ್ಟ್ರು ಒಪ್ಪಿದರು, ಆದರೆ ಎರಡು ಕಾನೂನು ಹಾಕಿದರು. ಉತ್ತರವನ್ನು ಚೀಟಿಯಲ್ಲಿ ಬರೆದು, ಮಡಚಿ, ಮೇಲೆ ಪ್ರಶ್ನೆಯ ನಂಬರು ಹಾಕಿ, ಸ್ಟೀಲ್ ಲೋಟಕ್ಕೆ ಹಾಕಬೇಕು. ಹತ್ತೂ ಮುಗಿಯುವ ತನಕ ಯಾವುದನ್ನೂ ಬಿಚ್ಚಬಾರದು. ಲೋಟಕ್ಕೆ ಬಿದ್ದ ಚೀಟಿಯನ್ನು ತೆಗೆಯುವಂತಿಲ್ಲ, ತಿದ್ದುವಂತಿಲ್ಲ.

"ನಾವು ಕಲ್ತ ವಿದ್ಯೆಗೆ ತಕ್ಕಂಗೆ ಆಡಾಣ" ಎಂದರು.

ಪ್ರಶ್ನೆ ಕೇಳುವವನಾಗಿ ನನ್ನನ್ನು ಆರಿಸಿದರು. ದನಿ ಚೆನ್ನಾಗಿತ್ತು, ಮೇಲಾಗಿ ನಾನು ಕುಡಿಯುವುದಿಲ್ಲ. ಬಾರಿಗೆ ಹೋಗುತ್ತೇನೆಂದರೆ ನಮ್ಮ ಅಮ್ಮಿ ಮೈಮೂನಾ ಚಪ್ಪಲಿ ಹುಡುಕುತ್ತಾಳೆ, ಅದು ಬೇರೆ ಮಾತು.

ಹತ್ತು ಪ್ರಶ್ನೆಗಳನ್ನು ಒಂದು ಚಿಕ್ಕ ನೋಟ್ ಬುಕ್ಕಿನಲ್ಲಿ ಬರೆದೆ, ಪಕ್ಕದಲ್ಲೇ ಉತ್ತರ. ಒಂಬತ್ತಕ್ಕೆ ಸರಿಯಾದ ಉತ್ತರ. ಏಳನೆಯದು ಆ ಕೊನೆಯಿಲ್ಲದ ಪಟ್ಟಿಯ ಪ್ರಶ್ನೆ. ಅದರ ಮುಂದೆ ಆರು ಎಂದು ಬರೆಯಲಿಲ್ಲ. "ಪ್ರೋಗ್ರಾಮು ನಿಲ್ಲುವುದೇ ಇಲ್ಲ" ಎಂದು ದುಂಡಗೆ ಬರೆದು, ಕೆಳಗೆ ಗೆರೆ ಎಳೆದೆ.

ಯುಗಾದಿಯ ಬೆಳಿಗ್ಗೆ ನನ್ನ ಲೂನಾದಲ್ಲಿ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಸೂರಮ್ಮ ಬಾಗಿಲಲ್ಲೇ ಅಂಗೈ ಹಿಡಿಸಿ ಬೇವುಬೆಲ್ಲ ಹಾಕಿದರು. ಒಳಗೆ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಇಟ್ಟಿದ್ದರು.

"ಇದೇನಕ್ಕ, ಈಗ್ಲೇ ಗಂಟುಮೂಟೆ?"

"ಓನರ್ರಿಗೆ ತಿಂಗ್ಳ ಕೊನೇಗೆ ಬಿಡ್ತೀವಂತ ಹೇಳೀನಪ್ಪ. ಮೊಳಕಾಲ್ಮುರಂದ್ರೆ ನಮ್ಮ ಬಿ.ಜಿ. ಕೆರೆಗೆ ಹತ್ರ. ನಮ್ಮವ್ವನ ಮನೆ ಕಡೀಕೆ ಹೋಗ್ತೀವಿ ಅಂತ ಓಣೇಗೆಲ್ಲ ಹೇಳ್ಕಂಡ್ ಬಂದೀನಿ."

"ಲೇ, ಇನ್ನಾ ಗೆದ್ದಿಲ್ಲ ಕಣೇ" ಎಂದರು ಮೇಷ್ಟ್ರು.

"ನಿಮ್ಮನ್ನ ಸೋಲ್ಸೋನು ಈ ತಾಲ್ಲೂಕಿನಾಗೆ ಯಾವನೈದಾನೆ ಬಿಡ್ರಿ" ಎಂದು ಒಳಗೆ ಹೋದರು.

ನಾನು ನೋಟ್ ಬುಕ್ಕನ್ನು ಟಿವಿಯ ಮೇಲಿಟ್ಟೆ. ಇಡುವ ಮುಂಚೆ ಮೊದಲನೇ ಹಾಳೆಯ ನಡುವೆ ಬೇವಿನ ಒಂದು ಎಸಳು ಸೇರಿಸಿದ್ದೆ. "ಸಾರ್, ಲೂನಾ ಯಾಕೋ ಕೆಮ್ತೈತೆ, ಪ್ಲಗ್ ಒರೆಸ್ಕಂಡ್ ಬರ್ತೀನಿ. ಇದ್ರಾಗೆ ನಾಳೆ ಕ್ವಿಜ್ಜೈತೆ, ಯಾರೂ ಮುಟ್ಟದಂಗೆ ನೋಡ್ಕಳ್ರಿ" ಎಂದು ಹೇಳಿ ಹೊರಗೆ ಹೋದೆ. ಲೂನಾಗೆ ಏನೂ ಆಗಿರಲಿಲ್ಲ. ಬೇವಿನ ಮರದ ಕೆಳಗೆ ಕಾಲು ಗಂಟೆ ಕೂತು, ಪ್ಲಗ್ ಬಿಚ್ಚಿ ಮತ್ತೆ ಹಾಕಿದೆ.

ವಾಪಸ್ ಬಂದಾಗ ನೋಟ್ ಬುಕ್ಕು ಇಟ್ಟಲ್ಲೇ ಇತ್ತು, ಇಟ್ಟ ಕೋನದಲ್ಲೇ. ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಪಂಚಾಂಗ ಓದುತ್ತಿದ್ದರು. ಓಣಿಯ ತಿರುವಿನಲ್ಲಿ ಲೂನಾ ನಿಲ್ಲಿಸಿ ಬಿಚ್ಚಿ ನೋಡಿದೆ. ಎಸಳು ಕೊನೆಯ ಹಾಳೆಯಲ್ಲಿತ್ತು.

ನಾನು ನಿಜವಾಗಿ ನಂಬಿರಲಿಲ್ಲ. ಈ ಮನುಷ್ಯ ಪುಸ್ತಕ ಬಿಚ್ಚಲಾರ ಎಂದು ನನ್ನೊಳಗೆ ನಾನೇ ಪಂದ್ಯ ಕಟ್ಟಿದ್ದೆ. ಸೋತದ್ದಕ್ಕೆ ಇಷ್ಟು ಖುಷಿಯಾಗಿದ್ದು ಅದೇ ಮೊದಲು.

ಬಾರು ಬಳ್ಳಾರಿ ರಸ್ತೆಯಲ್ಲಿತ್ತು. ಹಿಂದಿನ ಫ್ಯಾಮಿಲಿ ರೂಮಿನಲ್ಲಿ ನಾಲ್ಕು ಟೇಬಲ್ ಜೋಡಿಸಿದ್ದರು. ನಾನು ಬಾಗಿಲಿಗೆ ಮಾವಿನ ತೋರಣ, ಫ್ಯಾನಿಗೆ ಬಣ್ಣದ ಕಾಗದ ಕಟ್ಟಿದ್ದೆ. ಸಪ್ಲಯರ್ ದೊಡ್ಡಪಾಲಯ್ಯ ನೀರು ತಂದಿಟ್ಟು ಸುತ್ತ ನೋಡಿದ.

"ಏಮಪ್ಪಾ, ಏನೋ ಫಂಕ್ಷನ್ನಂದ್ರು. ಹುಡ್ಗಿ ಎಲ್ಲಿ, ಹುಡ್ಗ ಎಲ್ಲಿ?"

"ಹುಡ್ಗಿ ಮೊಳಕಾಲ್ಮುರಾಗೈತೆ, ಹುಡುಗ್ರು ಇಬ್ರು" ಎಂದೆ.

ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಸೇರಿದರು. ನಾಗೇಂದ್ರಪ್ಪನವರು ಬೀಗದ ಕೈ ಗೊಂಚಲನ್ನು ಮೇಜಿನ ನಡುವೆ, ಉಪ್ಪಿನಕಾಯಿ ತಟ್ಟೆಯ ಪಕ್ಕ ಇಟ್ಟರು. ಅವರ ಇಸ್ಪೀಟಿನ ಗೆಳೆಯ, ಶೇಂಗಾ ದಲ್ಲಾಳಿ ಮಲ್ಲಿಕಾರ್ಜುನಪ್ಪ, ಏನೂ ಅರ್ಥವಾಗದಿದ್ದರೂ ಮುಂದಿನ ಕುರ್ಚಿ ಹಿಡಿದಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದು ನಿಂಬೆ ಸೋಡಾ ಹೇಳಿದರು. ಇಫ್ತಿಕಾರನೂ ಅದನ್ನೇ ಹೇಳಿದ. ಊಟ ಗೆದ್ದ ಮೇಲೆ ಎಂದು ನಾಗೇಂದ್ರಪ್ಪ ಆರ್ಡರು ಹಿಡಿದಿಟ್ಟರು.

ನಾನು ಕುರ್ಚಿ ಹತ್ತಿ ನಿಂತೆ. "ಚಳ್ಳಕೆರೆ ಮಹಾಜನಗಳೇ! ಇಲ್ಲಿ ಕತ್ತಿ ಇಲ್ಲ, ರಕ್ತ ಇಲ್ಲ, ಫೈಟ್ ಮಾಸ್ಟ್ರು ಇಲ್ಲ. ಆದ್ರೂ ಈ ಬಾಗ್ಲಿಂದ ಒಬ್ಬನೇ ಗೆದ್ದು ಹೋಗೋದು. ಅನ್ವರ್ ಪ್ರಶ್ನೆ ಕೇಳೋವರ್ಗೂ ಕಾಮಿಡಿ, ಚೀಟಿ ಬಿಚ್ಚಿದ್ರೆ ಟ್ರಾಜಿಡಿ!"

ಶಿಳ್ಳೆ ಬಿತ್ತು.

ಮೊದಲು ಎಲ್ಲರಿಗೂ ಒಂದು ಸುತ್ತು, ಬಾಯಲ್ಲೇ ಉತ್ತರ, ಸರಿ ಹೇಳಿದವರಿಗೆ ಬಿಯರು. "ಒಂದು ಫಂಕ್ಷನ್ನಿಗೆ ಅದೇ ಅಂಕಿ ಕೊಟ್ರೂ ಇವತ್ತೊಂದು ಉತ್ತರ, ನಾಳೆ ಇನ್ನೊಂದು ಉತ್ತರ. ಅದಕ್ಕೆ ಏನಂತೀರಿ?"

"ತಾಲ್ಲೂಕು ಆಫೀಸು!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಉತ್ತರ ತಪ್ಪು, ಆದ್ರೆ ಬಿಯರ್ ಕೊಡ್ರಿ" ಎಂದೆ. ಮೇಷ್ಟ್ರೂ ನಕ್ಕರು. ಅವರ ನಗು ಒಂದು ಗಳಿಗೆ ತಡವಾಗಿ ಬಂದು, ಎಲ್ಲರಿಗಿಂತ ಮೊದಲು ನಿಂತಿತು. ನಾನು ನೋಡುತ್ತಿದ್ದೆ.

ಆಮೇಲೆ ಇಬ್ಬರನ್ನು ಎದುರುಬದುರು ಕೂರಿಸಿ, ಎರಡು ಸ್ಟೀಲ್ ಲೋಟ ಇಟ್ಟು, ನಾನು ಮೇಷ್ಟ್ರ ಎಡಗಡೆ ಕೂತು ಶುರು ಮಾಡಿದೆ. ಮೊದಲ ಮೂರು ಇಬ್ಬರೂ ತಡವಿಲ್ಲದೆ ಬರೆದರು. ನಾಲ್ಕನೆಯದು ಹೀಗೆ: "ಎಂಟು, ನಾಲ್ಕು, ಎರಡು. ಬಲಗಡೆಯಿಂದ ಮಡಚ್ಕಂತ ಭಾಗಿಸ್ಕಂಡ್ ಬಂದ್ರೆ ಎಷ್ಟು?" ಮೇಷ್ಟ್ರು ಕೂಡಲೇ ಬರೆದರು. ಇಫ್ತಿಕಾರ್ ಪೆನ್ನು ಕಚ್ಚಿ, ಬೆರಳು ಮಡಚಿ, ಕೊನೆಗೆ ಬರೆದು ಹಾಕಿದ.

"ಏನ್ ಕೇಳ್ತಾನಪ್ಪ ಇವ್ನು, ಪಂಚೆ ಮಡಚಾದಾ?" ಎಂದರು ಮಲ್ಲಿಕಾರ್ಜುನಪ್ಪ.

ಏಳನೆಯದಕ್ಕೆ ಬಂದಾಗ ನಾನು ದನಿ ತಗ್ಗಿಸಿದೆ. ಕ್ಲೈಮ್ಯಾಕ್ಸಿಗೆ ಮುಂಚೆ ಹಿಂದಿನ ಸಂಗೀತ ನಿಲ್ಲುವ ಹಾಗೆ. "ಒಂದು, ಎರಡು, ಮೂರು. ಕೊನೆ ಇಲ್ದಿರೋ ಪಟ್ಟಿ. ಮೊದಲ್ನೇ ಮೂರನ್ನ ತೆಗ್ದು ಕೂಡು ಅಂದ್ರೆ, ನಮ್ಮ ಭಾಷೇನಾಗೆ ಏನಾಗ್ತೈತೆ?"

ಹಿಂದಿದ್ದವರು ಹೋ ಎಂದರು. "ಲೇ ಅನ್ವರ್, ಇದು ಸಾರ್‌ಗೆ ಫ್ರೀ ಮಾರ್ಕ್ಸು ಕಣೋ!"

ಇಫ್ತಿಕಾರ್ ಒಂದು ಅಂಕಿ ಗೀಚಿ, ಮಡಚಿ ಹಾಕಿದ. ಮೇಷ್ಟ್ರ ಪೆನ್ನು ಕಾಗದದ ಮೇಲೆ ನಿಂತಿತು. ಅವರು ನನ್ನ ಮುಖ ನೋಡಿದರು. ನಾನು ಮುಗ್ಧನ ಹಾಗೆ ನೋಡಿದೆ. ಅವರ ತಲೆಯೊಳಗೆ ಏನು ನಡೆಯುತ್ತಿತ್ತು ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಸರಿಯಾದ ಉತ್ತರ ಬರೆದರೆ, ಪ್ರಶ್ನೆ ಕೇಳುವ ಪೆದ್ದ ತನ್ನ ಪುಸ್ತಕ ನೋಡಿ ತಪ್ಪು ಎನ್ನುತ್ತಾನೆ. ನಿನ್ನ ಪುಸ್ತಕ ತಪ್ಪು ಎಂದು ಈಗಲೇ ಹೇಳಿದರೆ, ನೀವು ಅದನ್ನು ಯಾವಾಗ ನೋಡಿದಿರಿ ಎನ್ನುತ್ತಾನೆ. ಒಂದು ಮಾರ್ಕಿನಲ್ಲಿ ಮೊಳಕಾಲ್ಮುರು ಹೋಗಬಹುದು.

ಅವರು ತಲೆ ತಗ್ಗಿಸಿ ಬರೆದರು. ಪೆನ್ನು ಬಹಳ ಹೊತ್ತು ಓಡಿತು. ಆರು ಎಂದು ಬರೆಯಲು ಅಷ್ಟು ಹೊತ್ತು ಬೇಡ.

ಚೀಟಿ ಲೋಟಕ್ಕೆ ಬಿದ್ದ ಮೇಲೆ ಅವರು ದೊಡ್ಡಪಾಲಯ್ಯನನ್ನು ಕರೆದು ಒಂದು ಕ್ವಾರ್ಟರ್ ವಿಸ್ಕಿ ತರಲು ಹೇಳಿದರು. ರೂಮಿಗೆ ರೂಮೇ ಅವರನ್ನು ನೋಡಿತು.

"ಹಬ್ಬ ಅಲ್ವೇನ್ರಪ್ಪ" ಎಂದರು.

ಎಂಟನೆಯದನ್ನು ಓದಲು ಬಾಯಿ ತೆರೆದಾಗ ಕೈ ಎತ್ತಿದರು. "ಅನ್ವರ್, ನನ್ನ ಏಳ್ನೇ ಚೀಟಿ ವಾಪಸ್ ಕೊಡಪ್ಪ. ತಪ್ ಬರ್ದೀನಿ."

ಆಗ ಕೊಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಇಫ್ತಿಕಾರನೂ, "ಕೊಡು ಯಾರ್, ಇನ್ನಾ ಬಿಚ್ಚಿಲ್ವಲ್ಲ" ಎಂದ.

"ಲೋಟಕ್ಕೆ ಬಿದ್ದಿದ್ದು ತೆಗೆಯಂಗಿಲ್ಲ, ತಿದ್ದಂಗಿಲ್ಲ. ರೂಲ್ ಮಾಡಿದ್ದು ಯಾರು ಸಾರ್? ನಾನಲ್ಲ" ಎಂದೆ. "ಬರೆದ ಕೈ ಬದ್ಲಾಗ್ಬೋದು, ಬರೆದ ಬರಹ ಬದ್ಲಾಗಲ್ಲ!"

ಹಿಂದಿನವರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕೈ ಇಳಿಸಿದರು. ಉಳಿದ ಮೂರನ್ನು ನೋಡದೆ ಬರೆದವರ ಹಾಗೆ ಬರೆದರು, ಆದರೂ ಮೂರೂ ಸರಿಯಾಗಿದ್ದವು.

ಹತ್ತು ಮುಗಿದ ಮೇಲೆ ಎರಡೂ ಲೋಟ ಬೋರಲು ಹಾಕಿ, ಚೀಟಿಗಳನ್ನು ನಂಬರಿನ ಪ್ರಕಾರ ಜೋಡಿಸಿ ಬಿಚ್ಚತೊಡಗಿದೆ. ಮೂರರ ತನಕ ಸಮ ಸಮ. ನಾಲ್ಕರಲ್ಲಿ ಇಫ್ತಿಕಾರ್ ಒಂದು ಎಂದು ಬರೆದಿದ್ದ, ಮೇಷ್ಟ್ರು ನಾಲ್ಕು. "ಬಲಗಡೆಯಿಂದ ಅಂದ್ರೆ ಮೊದ್ಲು ನಾಲ್ಕನ್ನ ಎರಡ್ರಿಂದ, ಆಮೇಲೆ ಎಂಟನ್ನ ಎರಡ್ರಿಂದ. ನಾಲ್ಕು ಸರಿ" ಎಂದೆ. ಇಫ್ತಿಕಾರ್ ಹಣೆಗೆ ಹೊಡೆದುಕೊಂಡ. ಮೇಷ್ಟ್ರು ಒಂದು ಮುಂದೆ. ಐದು, ಆರು ಸಮ.

ಏಳು. ಇಫ್ತಿಕಾರನ ಚೀಟಿ: ಆರು. ಮೇಷ್ಟ್ರ ಚೀಟಿಯನ್ನು ಬಿಚ್ಚಿ, ನಿಧಾನವಾಗಿ, ಪ್ರತಿ ಅಕ್ಷರ ಬಿಡಿಸಿ ಓದಿದೆ. "ಪ್ರೋಗ್ರಾಮು, ನಿಲ್ಲುವುದೇ, ಇಲ್ಲ."

ಯಾರೂ ನಗಲಿಲ್ಲ. ನಾನು ತಮಾಷೆಗೆ ಓದುತ್ತಿದ್ದೇನೆ ಎಂದುಕೊಂಡು ಒಬ್ಬ ಎದ್ದು ಬಂದು ಚೀಟಿ ಇಣುಕಿ ನೋಡಿದ. ಅಕ್ಷರ ಮೇಷ್ಟ್ರದೇ.

ಅವರು ನಾನು ಸರಿ ಎನ್ನುವುದನ್ನು ಕಾಯುತ್ತಿದ್ದರು. ಪುಸ್ತಕದಲ್ಲಿ ಹಾಗೇ ಇತ್ತಲ್ಲ.

"ತಪ್ಪು" ಎಂದೆ. "ಸರಿಯಾದ ಉತ್ತರ ಆರು. ಚಳ್ಳಕೆರೆ ಶೇಂಗಾ ಗೋಡೌನಿನ ಇಲಿಗಳಿಗೂ ಗೊತ್ತು."

ಆ ಗಳಿಗೆಯಲ್ಲಿ ಅವರಿಗೆ ಎಲ್ಲ ಅರ್ಥವಾಯಿತು. ಟಿವಿಯ ಮೇಲಿಟ್ಟ ಪುಸ್ತಕ, ಕೆಮ್ಮುವ ಲೂನಾ, ಗೆರೆ ಎಳೆದ ಉತ್ತರ. ಮುಖದಿಂದ ರಕ್ತ ಇಳಿಯುವುದು ಎಂದು ಕೇಳಿದ್ದೆ, ಸಿನಿಮಾದಲ್ಲಿ ಅದನ್ನು ತೋರಿಸಲಾಗುವುದಿಲ್ಲ. ಇಲ್ಲಿ ಹತ್ತಿರದಿಂದ ನೋಡಿದೆ.

"ಮೇಷ್ಟ್ರಿಗೆ ಏನೋ ಮರ್ತೋಗೈತೆ ಬಿಡ್ರಿ" ಎಂದರು ನಾಗೇಂದ್ರಪ್ಪ. "ಬಿಸ್ಲು ಬೇರೆ."

ಉಳಿದ ಮೂರೂ ಸಮ. ಒಟ್ಟು ಒಂಬತ್ತು, ಒಂಬತ್ತು.

"ಈಗೇನ್ ಮಾಡಾದು?" ಎಂದು ಮಲ್ಲಿಕಾರ್ಜುನಪ್ಪ ಕೇಳಿದರು. "ನಾಣ್ಯ ಚಿಮ್ಮಾಣಾ?"

"ನಾಣ್ಯ ಯಾಕೆ? ಇಬ್ರೂ ಸಮ ಅಂದ್ಮ್ಯಾಲೆ ದೊಡ್ಡೋರಿಗೆ ಬಿಡೋದು ಧರ್ಮ" ಎಂದರು ನಾಗೇಂದ್ರಪ್ಪ. ಅವರ ಮುಖ ಹಗುರವಾಗಿತ್ತು, ಅವರಿಗೂ ಇದೇ ಬೇಕಿತ್ತೇನೋ. "ನಿನಗೇನ್ ಅನ್ನಿಸ್ತೈತಪ್ಪ ಇಫ್ತಿಕಾರ್?"

ಇಫ್ತಿಕಾರ್ ಒಂದು ಸಲ ಬೀಗದ ಕೈ ನೋಡಿದ. "ನಂಗೆ ಈ ವಿದ್ಯೆ ಕೊಟ್ಟೋರೇ ಅವ್ರು ಸಾರ್. ಅವ್ರಿಗೇ ಕೊಡ್ರಿ" ಎಂದ.

ಎಲ್ಲರೂ ಮೇಜು ಬಡಿದರು. ನಾಗೇಂದ್ರಪ್ಪ ಗೊಂಚಲೆತ್ತಿ ಮೇಷ್ಟ್ರ ಮುಂದೆ ಚಾಚಿದರು. ಮೇಷ್ಟ್ರು ಅದಕ್ಕೆ ಕೈ ಹಾಕಲಿಲ್ಲ. ನನ್ನನ್ನು ನೋಡುತ್ತಿದ್ದರು. ಮೇಜಿನ ಕೆಳಗೆ ಅವರ ಎಡಗೈ ಬಂದು ನನ್ನ ಮೊಣಕಾಲನ್ನು ಮುಟ್ಟಿತು. ಹಿಡಿಯಲಿಲ್ಲ, ಮುಟ್ಟಿತು ಅಷ್ಟೆ. ನಲವತ್ತಾರು ವರ್ಷದ ಮನುಷ್ಯ, ನನಗೆ ಇಪ್ಪತ್ತೆರಡು.

ನಾನು ಸುಮ್ಮನಿದ್ದರೆ ಸಾಕಿತ್ತು. ನೋಡಬೇಕಾದದ್ದನ್ನು ನೋಡಿಯಾಗಿತ್ತು. ಆದರೆ ಹಿಂದಿನ ರಾತ್ರಿ ಕನ್ನಡಿಯ ಮುಂದೆ ನಿಂತು ಒಂದು ಡೈಲಾಗು ತಯಾರು ಮಾಡಿದ್ದೆ. ಹೇಳದೆ ಮನೆಗೆ ಹೋಗುವುದು ಹೇಗೆ?

"ಸ್ಟಾಪ್!" ಎಂದೆ. "ಪಿಕ್ಚರ್ ಮುಗಿದಿಲ್ಲ ಸಾರ್, ರೀಲ್ ಬದಲಾಯಿಸ್ತಿದ್ರು ಅಷ್ಟೆ!" ನೋಟ್ ಬುಕ್ಕು ತೆಗೆದು, ಏಳನೇ ಪ್ರಶ್ನೆಯ ಹಾಳೆ ಬಿಚ್ಚಿ, ಮೇಷ್ಟ್ರ ಚೀಟಿಯ ಪಕ್ಕ ಇಟ್ಟೆ. "ಇದು ನಾನು ಬೇಕಂತ ಬರೆದ ಸುಳ್ಳು ಉತ್ತರ. ಈ ಪುಸ್ತಕ ನಿನ್ನೆ ಕಾಲು ಗಂಟೆ ಒಬ್ಬರ ಮನೇನಾಗಿತ್ತು. ಇದು ಅವರ ಚೀಟಿ. ಒಂದಕ್ಷರ ವ್ಯತ್ಯಾಸ ಐತಾ ನೋಡ್ರಿ. ಎಲ್ಲರಿಗೂ ಪ್ರಶ್ನೆ ಹಾಕೋ ಮೇಷ್ಟ್ರು, ಒಂದೇ ಒಂದು ಪ್ರಶ್ನೆಗೆ ಕದ್ದ ಉತ್ತರ ಬರೆದ್ರು. ಅದೂ ತಮಗೆ ಗೊತ್ತಿದ್ದ ಪ್ರಶ್ನೆಗೆ!"

ಶಿಳ್ಳೆ ಬೀಳುತ್ತದೆ ಎಂದುಕೊಂಡಿದ್ದೆ. ಫ್ಯಾನಿಗೆ ಕಟ್ಟಿದ ಕಾಗದ ಪಟಪಟ ಎನ್ನುತ್ತಿತ್ತು, ಅಷ್ಟೆ.

ನಾಗೇಂದ್ರಪ್ಪ ಎರಡನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಹೌದಾ ಮೇಷ್ಟ್ರೆ?"

"ಹೌದು."

"ಯಾಕ್ರಿ?"

ಮೇಷ್ಟ್ರು, "ಉಳಿದ ಒಂಬತ್ತೂ ನನಗೆ ಗೊತ್ತಿದ್ವು ನಾಗೇಂದ್ರಪ್ಪಾರೆ" ಎಂದರು.

"ಇದ್ರೂ ಇರಬೋದು. ಈಗ ಅದು ಯಾರಿಗ್ ಗೊತ್ತು ಹೇಳ್ರಿ."

ಬೇಕೆಂದು ಚುಚ್ಚಿದ ಮಾತಲ್ಲ. ಅವರು ನಿಜವಾಗಿಯೂ ಗೊತ್ತಾಗದೆ ಕೇಳಿದರು. ಆಮೇಲೆ ಗೊಂಚಲನ್ನು ಇಫ್ತಿಕಾರನ ಕಡೆ ತಳ್ಳಿದರು. ಇಫ್ತಿಕಾರ್ ಬೇಡ ಎನ್ನುತ್ತಾನೆ, ಎದ್ದು ಹೋಗುತ್ತಾನೆ ಎಂದು ನಾನು ಕಾದೆ. ಅವನು ಕಿಸೆಗೆ ಹಾಕಿಕೊಂಡ. ಹಾಕಿಕೊಳ್ಳುವಾಗ ಯಾರ ಮುಖವನ್ನೂ ನೋಡಲಿಲ್ಲ.

"ಲೇ ಅನ್ವರ್" ಎಂದ ಮೆಲ್ಲಗೆ. "ತೂ ಬಹೂತ್ ಬುರಾ ಕಿಯಾ. ಭಾಳ ಕೆಟ್ಟ ಕೆಲ್ಸ ಮಾಡ್ದೆ."

"ಮೊಳಕಾಲ್ಮುರು ನಿಂಗ್ ಸಿಕ್ತಲ್ಲೋ."

"ಅದಕ್ಕೇ" ಎಂದ.

ಕೋಳಿ ಬಂದಾಗ ತಿನ್ನಲು ಯಾರೂ ಉಳಿದಿರಲಿಲ್ಲ, ನಾಗೇಂದ್ರಪ್ಪ ಮಲ್ಲಿಕಾರ್ಜುನಪ್ಪ ಬಿಟ್ಟು. ಅವರಿಬ್ಬರೂ ಎಲೆ ಕಲೆಸಿ ಹಂಚತೊಡಗಿದ್ದರು. ಮೇಷ್ಟ್ರು ಬರುವಾಗ ನನ್ನ ಲೂನಾದಲ್ಲೇ ಬಂದಿದ್ದರು. ಹೊರಗೆ ಬಂದು ಲೂನಾದ ಪಕ್ಕ ನಿಂತರು.

"ಮನೇಗೆ ಬಿಡಪ್ಪ. ಬಿಸ್ಲೈತೆ" ಎಂದರು.

ಹಿಂದೆ ಕೂತರು. ಬೈಯುತ್ತಾರೆ, ಅಳುತ್ತಾರೆ, ಬಸ್ಸಿನ ಅಡಿಗೆ ತಳ್ಳುತ್ತಾರೆ ಎಂದೆಲ್ಲ ಅಂದುಕೊಂಡೆ. ಉಬ್ಬು ಬಂದಾಗ ನನ್ನ ಭುಜ ಹಿಡಿದರು, ದಾಟಿದ ಮೇಲೆ ಬಿಟ್ಟರು.

ಸೂರಮ್ಮ ಊಟ ಮಾಡದೆ ಬಾಗಿಲಲ್ಲೇ ಕಾಯುತ್ತಿದ್ದರು. ಮಸಾಲೆಯ ವಾಸನೆ ಓಣಿಯ ತನಕ ಬಂದಿತ್ತು.

"ಏನಾತು? ಕೈಯಾಗೆ ಬೀಗದ ಕೈ ಇಲ್ಲ?"

ಮೇಷ್ಟ್ರು ಜಗುಲಿಯ ಮೇಲೆ ಕೂತರು. "ಅವನೇ ಹೇಳ್ತಾನೆ. ಪ್ರಶ್ನೆ ಕೇಳಿದೋನು ಅವ್ನು."

ನಾನು ಹೇಳಿದೆ. "ಒಂದು ಪ್ರಶ್ನೆ ತಪ್ ಬರೆದ್ಬಿಟ್ರು ಅಕ್ಕ. ಇಫ್ತಿಕಾರನಿಗೆ ಹೋತು."

"ಯಾವ್ದಪ್ಪ ಅಂಥಾ ಪ್ರಶ್ನೆ?"

"ಕೊನೆ ಇಲ್ದಿರೋ ಪಟ್ಟಿ ಇರ್ತೈತಲ್ಲ. ಮೊದ್ಲ ಮೂರು ಕೂಡಾದು."

"ಆರು ತಾನೇ?" ಎಂದರು ಸೂರಮ್ಮ. ಮುದ್ದೆ ತೊಳಸುವಾಗ, ಬಟ್ಟೆ ಹಿಂಡುವಾಗ ಮೇಷ್ಟ್ರು ಅವರಿಗೂ ಅದನ್ನು ಹೇಳಿದ್ದರೇನೋ. ಗಂಡನ ಕಡೆ ತಿರುಗಿದರು. "ಆರಲ್ವೇನ್ರೀ? ನೀವೇನ್ ಬರೆದ್ರಿ?"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಹೇಳುತ್ತೇನಾ, ಏನು ಹೇಳುತ್ತೇನೆ ಎಂದು ಕಾಯುತ್ತಿದ್ದರು. ಹೇಳಿದ್ದರೆ ಆಕೆಯ ಸಿಟ್ಟು ಇಬ್ಬರಿಗೂ ಅರ್ಧರ್ಧ ಹಂಚಿಹೋಗುತ್ತಿತ್ತು.

"ಬಿಸ್ಲಿಗೆ ತಲೆ ತಿರುಗಿರ್ಬೇಕಕ್ಕ" ಎಂದೆ. "ಮೇಲಾಗಿ ಒಂದು ಕ್ವಾರ್ಟರ್ ತಗಂಡಿದ್ರು."

"ಕುಡಿದ್ರಾ?" ಆಕೆಯ ದನಿ ಓಣಿಗೆ ಕೇಳಿತು. "ಇವತ್ತೇ ಬೇಕಿತ್ತಾ? ವರ್ಷಕ್ಕೊಂದ್ಸಲ ಬಾಯಿಗಿಡದೋರಿಗೆ ಇವತ್ತೇ ಬೇಕಿತ್ತಾ? ಓನರ್ರಿಗೆ ಏನಂತ ಹೇಳ್ಲಿ? ನಮ್ಮವ್ವಂಗೆ ಏನಂತ ಹೇಳ್ಲಿ?" ಎದುರು ಮನೆಯ ಕರಿಯಕ್ಕ ಹೊರಗೆ ಬಂದು ನಿಂತಳು. ತೊಡಕಿನ ದಿನ ಆ ಓಣಿಯಲ್ಲಿ ದನಿ ಎತ್ತಿದ ಮನೆ ಅದೊಂದೇ.

ನಾನು ಹೊರಡಲು ಎದ್ದೆ.

"ನೀನ್ ಎಲ್ಲಿಗ್ ಹೋಗ್ತೀಯಾ, ಕುತ್ಕ" ಎಂದು ಸೂರಮ್ಮ ಕಣ್ಣೊರೆಸಿಕೊಂಡರು. "ಹಬ್ಬದ ದಿನ ಬಂದೋನು ಉಣ್ಣದೆ ಹೋಗ್ಬಾರದು. ಕುರಿ ಕುಯ್ದಿದ್ದು ನಿಮ್ಮ ಸಾಬ್ರೇ, ಅನುಮಾನ ಬ್ಯಾಡ."

ಎರಡು ತಟ್ಟೆ ಹಾಕಿದರು. ಮೇಷ್ಟ್ರು ಮುದ್ದೆ ಮುರಿದು ಕೈಯಲ್ಲಿ ಹಿಡಿದು ಕೂತರು, ಬಾಯಿಗಿಡಲಿಲ್ಲ. ಸೂರಮ್ಮ ಅವರಿಗೆ ಬೈಯುತ್ತಾ, ನನಗೆ ಬಡಿಸುತ್ತಾ, ಮತ್ತೆ ಬೈಯುತ್ತಾ ಓಡಾಡಿದರು. ಸಾರು ಖಾರವಾಗಿತ್ತು, ಚೆನ್ನಾಗಿತ್ತು. ಮೂಳೆ ಇರುವ ತುಂಡು ಇನ್ನೊಂದು ಹಾಕಿ ಎಂದು ಕೇಳಿ ಹಾಕಿಸಿಕೊಂಡೆ.